ಅವರೆ ಸಾಲಿಗೆ ಕಡಲ ರಸ

ನಮ್ಮ ಲೇಔಟಿನ ಮುಂಬಾಗಿಲಿಗೆ ಕಮಾನಿದೆ, ಸೆಕ್ಯುರಿಟಿ ಗೂಡಿದೆ, ಗ್ರಾನೈಟಿನಲ್ಲಿ ಕೊರೆಸಿದ ಇಂಗ್ಲಿಷ್ ಹೆಸರಿದೆ. ಹಿತ್ತಿಲ ಕಡೆ ಬರುವ ಹೊತ್ತಿಗೆ ಲೇಔಟ್ ಮಾಡಿದವರ ದುಡ್ಡು ಮುಗಿಯಿತೋ ಉಮೇದು ಮುಗಿಯಿತೋ, ನಾಲ್ಕು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದು ಕೈತೊಳೆದುಕೊಂಡರು. ನನಗೆ ಅದರಿಂದ ಒಳ್ಳೆಯದೇ ಆಯಿತು. ತಂತಿಯ ಆಚೆಗೆ ಎಕರೆ ಚಿಲ್ಲರೆ ಹೊಲ. ದೊಮ್ಮಸಂದ್ರ–ಸರ್ಜಾಪುರದ ನಡುವೆ ಇನ್ನೂ ರಾಗಿ ತೆನೆ ತೂಗುವ ಕೆಲವೇ ತುಂಡುಗಳಲ್ಲಿ ಅದೂ ಒಂದು. ಒಂದು ಕೈಗೆ ವೈಟ್‌ಫೀಲ್ಡು, ಇನ್ನೊಂದು ಕೈಗೆ ಎಲೆಕ್ಟ್ರಾನಿಕ್ ಸಿಟಿ. ನಡುವೆ ಕೂತ ಆ ಹೊಲದ ಯಜಮಾನರಿಗೆ ದಿನಾ ಒಬ್ಬ ಬ್ರೋಕರ್ ಫೋನು ಮಾಡುತ್ತಾನೆ. ಅವರು ಎತ್ತುವುದಿಲ್ಲ. ಎತ್ತಿದರೂ, "ಅವರೆಕಾಯಿ ಬೇಕಿದ್ರೆ ಹೇಳಪ್ಪ, ಜಮೀನು ಇಲ್ಲ" ಅನ್ನುತ್ತಾರೆ.

ನಾನು ಪೀಣ್ಯದ ಕಾರ್ಖಾನೆಯಲ್ಲಿ ತಲೆ ನೆರೆಸಿಕೊಂಡು, ಮಗನ ಮನೆ ಎಂದು ಈ ಕಡೆ ಬಂದು ಬಿದ್ದವನು. ಬೆಳಿಗ್ಗೆ ವಾಕಿಂಗ್ ಅಂತ ಹೆಸರು. ನಿಜವಾಗಿ ಮಾಡುವುದು ತಂತಿ ಹಿಡಿದು ನಿಂತು ಹರಟೆ.

ಈ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಯಜಮಾನರು ತಂತಿಯ ಮೇಲಿಂದ ಒಂದು ಬಾಟಲಿ ಚಾಚಿದರು. ಒಳಗೆ ಕಪ್ಪುಗಂದು ರಸ.

"ಇದೇನ್ ಸಾರ್ ಇದು, ಒಸಿ ಓದಿ ಹೇಳಿ. ಬಿತ್ತೋ ಟೈಮಲ್ಲಿ ಡಿಎಪಿ ತರಕ್ಕೋದ್ರೆ ಅಂಗಡಿಯವ್ನು ಇದುನ್ನೂ ಕಟ್ಟಿ ಕಳಿಸ್ದ. ಇದ್ ತಗಂಡ್ರೆ ಮೂಟೆ, ಇಲ್ದಿದ್ರೆ ಸ್ಟಾಕಿಲ್ಲ ಅಂದ. ಅಟ್ಟದ್ ಮೇಲೆ ಬಿದ್ದಿತ್ತು."

ಐವತ್ತು ಕೆಜಿ ಡಿಎಪಿ ಮೂಟೆಗೆ ಸರ್ಕಾರದ ದರ 1350 ರೂಪಾಯಿ. ಹೀಗೆ ಗೊಬ್ಬರದ ಬಾಲಕ್ಕೆ ಬಾಟಲಿ ಕಟ್ಟಿ ಮಾರಬಾರದು ಎಂದು ದಿಲ್ಲಿಯಿಂದ ಆಗಾಗ ಸುತ್ತೋಲೆ ಬರುತ್ತದೆ. ಸುತ್ತೋಲೆ ಸುತ್ತುತ್ತಲೇ ಇರುತ್ತದೆ, ಬಾಟಲಿ ಅಟ್ಟ ಹತ್ತುತ್ತಲೇ ಇರುತ್ತದೆ.

"ಕಡಲಕಳೆ ರಸ, ಯಜಮಾನ್ರೆ. ಸಮುದ್ರದ ಪಾಚಿ ಹಿಂಡಿ ತೆಗೆದದ್ದು."

"ಸಮುದ್ರದ್ದಾ? ಉಪ್ಪಿರಲ್ವಾ? ಅವರೇಗೆ ಉಪ್ಪುನೀರು ಉಯ್ದು ಯಾರಾನ ಬದುಕಿದ್ದಾರಾ?"

ಉಪ್ಪಿದೆ, ಆದರೆ ಅದರಲ್ಲಿ ಪೊಟ್ಯಾಷಿನದೇ ಹೆಚ್ಚು ಪಾಲು, ಟ್ಯಾಂಕಿನ ನೀರಿಗೆ ಬಿದ್ದ ಮೇಲೆ ಎಲೆ ಸುಡುವಷ್ಟು ಉಳಿಯುವುದಿಲ್ಲ ಅಂದೆ. ನಂಬಿದ ಮುಖ ಮಾಡಲಿಲ್ಲ. ಬಾಟಲಿ ತೆಗೆದ ಕಾರಣ ಬೇರೆಯೇ ಇತ್ತು. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಹಾಕಿದ್ದ ಅವರೆ ಹೊಲದ ಮೇಲ್ಗಡೆ ಆಗಲೇ ಹೂವಿನ ಕಡ್ಡಿ ಎತ್ತಿತ್ತು. ನಮ್ಮ ತಂತಿಗೆ ಹತ್ತಿದ ನಾಲ್ಕೈದು ಸಾಲು ಮಾತ್ರ ಹಸಿರು ಉಕ್ಕಿ ಹರಡಿದ್ದರೂ ಒಂದು ಮೊಗ್ಗಿಲ್ಲ. "ಈ ರಸ ಹೊಡೀಲಾ, ಇಲ್ಲಾ ಇನ್ನೊಂದು ಮೂಟೆ ಡಿಎಪಿ ಉಗ್ಗಲಾ? ಯಾವುದ್ರಲ್ಲಿ ಹೂವಾಯ್ತದೆ, ಅದ್ ಹೇಳಿ."

ಇಂಥ ಪ್ರಶ್ನೆ ಸಿಕ್ಕರೆ ನಿವೃತ್ತ ಮನುಷ್ಯನಿಗೆ ಹಬ್ಬ. ಪ್ರತಿ ವರ್ಷ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋಗಿ ಚೀಲದ ತುಂಬ ಕರಪತ್ರ ತರುವ ಚಟ ನನಗೆ. ಮನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ತಂತಿಯಾಚೆಯವರು ಪಾಪ ಕೇಳುತ್ತಾರೆ.

ಬಾಟಲಿಯದೇ ಮೊದಲು ಶುರು ಮಾಡಿದೆ. ನಮ್ಮ ದೇಶದಲ್ಲಿ ಬೆಳೆಗೆ ಹೊಡೆಯುವ ಕಡಲಕಳೆ ರಸದ ದೊಡ್ಡ ಪಾಲು ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯದು. ಮೂಲ ಫಿಲಿಪೀನ್ಸ್ ಕಡೆಯದು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು ಅದರ ಬೀಜತುಂಡುಗಳನ್ನು 1980ರ ದಶಕದಲ್ಲಿ ತಂದು, ರಾಮೇಶ್ವರಕ್ಕೆ ಹೋಗುವ ದಾರಿಯ ಮಂಡಪಂನಲ್ಲಿ ಬೆಳೆಸಿ ನೋಡಿದರು. ಈಗ ಅಲ್ಲಿನ ಮೀನುಗಾರರ ಮನೆಯ ಹೆಂಗಸರು ಬಿದಿರಿನ ತೆಪ್ಪಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ಪಾಚಿಯ ತುಣುಕು ಕಟ್ಟಿ ನೀರಿಗೆ ಬಿಡುತ್ತಾರೆ. ಒಂದೂವರೆ ತಿಂಗಳಿಗೆ ಕುಯ್ಲು. ಮೊದಲೆಲ್ಲ ಇದನ್ನು ಒಣಗಿಸಿ, ಐಸ್‌ಕ್ರೀಮು ಗಟ್ಟಿ ಮಾಡುವ ಕ್ಯಾರಗೀನನ್ ತೆಗೆಯಲು ಮಾತ್ರ ಕಳಿಸುತ್ತಿದ್ದರು. ಒಳಗಿನ ರಸ ದಂಡ. ಹಸಿಯಾಗಿರುವಾಗಲೇ ಹಿಂಡಿದರೆ ರಸ ಹೊಲಕ್ಕಾಯಿತು, ಹಿಪ್ಪೆ ಕ್ಯಾರಗೀನನ್ನಿಗಾಯಿತು ಎಂಬ ಉಪಾಯ ಅದೇ ಸಂಸ್ಥೆಯದು. ಇಫ್ಕೊದವರ 'ಸಾಗರಿಕಾ' ಬಾಟಲಿ ಇದೇ ವಂಶದ್ದು.

ಬೆಂಗಳೂರಿಗೆ ಸಮುದ್ರವಿಲ್ಲದಿದ್ದರೂ ಕಡಲಕಳೆಯ ಕಂಪನಿ ಉಂಟು. 2010ರಲ್ಲಿ ಹುಟ್ಟಿದ ಸೀ6 ಎನರ್ಜಿ, ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಸಂಶೋಧನಾ ಕೇಂದ್ರದಲ್ಲಿ ಕೂತು ಇಂಡೋನೇಷ್ಯಾದ ಕಡಲಲ್ಲಿ ಪಾಚಿ ಬೆಳೆಸುವ ಯಂತ್ರ ಮಾಡಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಶ್ರೀಕುಮಾರ್ ಸೂರ್ಯನಾರಾಯಣ್ ಹಿಂದೆ ಇಲ್ಲೇ ಬೊಮ್ಮಸಂದ್ರದ ಬಯೋಕಾನಿನ ಸಂಶೋಧನೆ ನೋಡಿಕೊಳ್ಳುತ್ತಿದ್ದವರು. ಬಯೋಕಾನ್ ತಾನೇ 1978ರಲ್ಲಿ ಶುರುವಾದದ್ದು ಪರಂಗಿಕಾಯಿ ಹಾಲಿನ ಪಪೇನ್ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿನ್‌ಗ್ಲಾಸ್ ಮಾರಿಕೊಂಡು. ಸಮುದ್ರದ ಸರಕು ಈ ಕಡೆಗೆ ಹೊಸದೇನಲ್ಲ ಅಂದೆ. "ಅಂಗಾರೆ ನಮ್ ಬೊಮ್ಸಂದ್ರದವರೇ ಅನ್ನಿ," ಎಂದು ಯಜಮಾನರು ಬಾಟಲಿಯನ್ನು ಸ್ವಲ್ಪ ಗೌರವದಿಂದ ಹಿಡಿದುಕೊಂಡರು.

"ಅದೆಲ್ಲಾ ಸರಿ. ಹೊಡುದ್ರೆ ಏನಾಯ್ತದೆ?"

ರಸದಲ್ಲಿ ಪೊಟ್ಯಾಷ್ ಇದೆ, ಒಂದಿಷ್ಟು ಸೂಕ್ಷ್ಮ ಪೋಷಕಾಂಶ ಇದೆ. ಅದಕ್ಕಿಂತ ಹೆಚ್ಚಾಗಿ ಸೈಟೊಕೈನಿನ್, ಆಕ್ಸಿನ್‌ನಂಥ ಗಿಡದ ಹಾರ್ಮೋನುಗಳಿವೆ, ಬರ ತಡೆಯಲು ನೆರವಾಗುವ ಬೀಟೇನ್ ಇದೆ. ಎಲೆ ಹೆಚ್ಚು ದಿನ ಹಸಿರಾಗಿರುತ್ತದೆ, ಹೂ ಉದುರುವುದು ತಗ್ಗುತ್ತದೆ, ಬೇರು ಸ್ವಲ್ಪ ಜಾಸ್ತಿ ಓಡುತ್ತದೆ. ಆದರೆ ಗೊಬ್ಬರದ ಲೆಕ್ಕಕ್ಕೆ ಇದು ಸೇರದು. ಸರ್ಕಾರವೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶ ತಿದ್ದಿ ಇಂಥವಕ್ಕೆಲ್ಲ 'ಬಯೋಸ್ಟಿಮ್ಯುಲೆಂಟ್' ಎಂದು ಬೇರೆ ಪಂಕ್ತಿ ಹಾಕಿತು. ಅಲ್ಲಿಯವರೆಗೆ ಯಾರು ಬೇಕಾದರೂ ಏನನ್ನು ಬೇಕಾದರೂ ಬಾಟಲಿಗೆ ತುಂಬಿ 'ಇಳುವರಿ ಡಬಲ್' ಅನ್ನಬಹುದಿತ್ತು.

ಇಳುವರಿಯ ಮಾತು ಬಂದಾಗ ಒಂದು ಲೆಕ್ಕವನ್ನು ಮುಚ್ಚಿಡಬಾರದು. ಮಳೆಯಾಶ್ರಿತ ಸೋಯಾ ಅವರೆಗೆ ಕಪ್ಪಾಫೈಕಸ್ ರಸ ಹೊಡೆದು ನೋಡಿದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಕಾಳಿನ ಇಳುವರಿ ಶೇ 57ರಷ್ಟು ಏರಿತ್ತು. ಬಾಟಲಿ ಮಾರುವವರು ಇಂಥ ಸಂಖ್ಯೆಯನ್ನು ಬಾಯಿಪಾಠ ಮಾಡಿರುತ್ತಾರೆ. ಆ ಇಳುವರಿ ಬಂದದ್ದು ಶೇ 15ರ ದ್ರಾವಣದಲ್ಲಿ, ಅಂದರೆ ನೂರು ಲೀಟರ್ ಸಿಂಪಡಣೆಯಲ್ಲಿ ಹದಿನೈದು ಲೀಟರ್ ರಸ ಎಂಬುದು ಮಾತ್ರ ಅವರ ಬಾಯಿಗೆ ಬರುವುದಿಲ್ಲ. ಅಂಗಡಿಯ ಬಾಟಲಿಯ ಮೇಲೆ ಲೀಟರಿಗೆ ಎರಡೂವರೆ ಮಿಲಿ ಅಂತ ಬರೆದಿರುತ್ತದೆ. ರಸವನ್ನು ಇಂಗಿಸಿ ಗಟ್ಟಿ ಮಾಡಿರುತ್ತಾರೆ, ಒಪ್ಪೋಣ. ಆದರೂ ಆ 57 ಈ ಎರಡೂವರೆಗೆ ತಾನಾಗಿ ಇಳಿದು ಬರುವುದಿಲ್ಲ. ಇನ್ನೊಂದು ಮಾತು: ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬುಡಕ್ಕೆ ಶಿಫಾರಸಿನ ಗೊಬ್ಬರ ಹಾಕಿಯೇ ಮೇಲೆ ರಸ ಹೊಡೆದಿರುತ್ತಾರೆ. ಬುಡ ಬರಿದಾಗಿಟ್ಟು ಎಲೆಗೆ ಅಮೃತ ಎರಚಿದರೂ ಅಷ್ಟೇ.

"ಬುಡುಕ್ಕೆ ಹಾಕಿದ್ದೀನಲ್ಲ ಸಾರ್! ಡಿಎಪಿ ಎಲ್ಲೋಯ್ತು?"

ಎಲ್ಲಿ ಹೋಯಿತು ಅಂದರೆ, ಕೆಂಪು ಮಣ್ಣು ನುಂಗಿತು. ಇದನ್ನು ನನಗೆ ಕೃಷಿ ಮೇಳದವರು ಹೇಳಿಕೊಡಬೇಕಾಗಿರಲಿಲ್ಲ, ಪೀಣ್ಯ ಕಲಿಸಿತ್ತು. ಅಲ್ಲಿ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಸಾಲಾಗಿ ಏಳು ಟ್ಯಾಂಕು ಇಟ್ಟಿರುತ್ತಾರೆ. ಜಿಡ್ಡು ತೊಳೆದು, ತುಕ್ಕು ಬಿಡಿಸಿದ ಕಬ್ಬಿಣದ ಭಾಗವನ್ನು ಫಾಸ್ಫೇಟ್ ಟ್ಯಾಂಕಿಗೆ ಇಳಿಸಿದರೆ ಕೆಲವೇ ನಿಮಿಷದಲ್ಲಿ ಬೂದುಬಣ್ಣದ ಪೊರೆ ಹಿಡಿದು ಬರುತ್ತದೆ. ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಬಣ್ಣ ನಿಲ್ಲುವುದೇ ಅದರ ಮೇಲೆ. ನಮ್ಮ ಆನೇಕಲ್ ಸೀಮೆಯ ಮಣ್ಣು ಕೆಂಪಗಿರುವುದೂ ಕಬ್ಬಿಣದಿಂದಲೇ. ಯಜಮಾನರು ಉಗ್ಗಿದ ಡಿಎಪಿ ಕರಗಿದ ಕೂಡಲೇ ಅದರ ಫಾಸ್ಫೇಟನ್ನು ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಹಾಗೆಯೇ ತಬ್ಬಿಕೊಳ್ಳುತ್ತವೆ. ಹಾಕಿದ ವರ್ಷ ಬೆಳೆಗೆ ದಕ್ಕುವುದು ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅಷ್ಟೂ ಇಲ್ಲ.

ಹಾಗಂತ ಹಾಕುವುದನ್ನೇ ಬಿಡುವಂತಿಲ್ಲ. ಬೇಳೆಕಾಳಿನ ಗಿಡಕ್ಕೆ ಸಾರಜನಕ ನಾವು ಕೊಡಬೇಕಾದ್ದು ಕಮ್ಮಿ, ಗಾಳಿಯಿಂದ ಅದೇ ಹಿಡಿದುಕೊಳ್ಳುತ್ತದೆ; ಹಿಡಿಯುವ ಶಕ್ತಿಗೆ ರಂಜಕ, ಅಂದರೆ ಆ ಫಾಸ್ಫೇಟಿನೊಳಗಿನ ಫಾಸ್ಫರಸ್, ಬೇಕು. ಗಾಳಿಯ ಸಾರಜನಕದ ಒಂದು ಅಣುವನ್ನು ಪಳಗಿಸಲು ಬೇರುಗಂಟಿನ ರೈಜೋಬಿಯಂ 16 ಎಟಿಪಿ (ಜೀವಕೋಶದ ಶಕ್ತಿಯ ಅಣು) ಖರ್ಚು ಮಾಡುತ್ತದೆ, ಒಂದೊಂದು ಎಟಿಪಿಯಲ್ಲೂ ಮೂರು ಫಾಸ್ಫೇಟು. ಆದ್ದರಿಂದಲೇ ಅವರೆಗೆ, ತೊಗರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೇಳುವ ಲೆಕ್ಕದಲ್ಲಿ ರಂಜಕ ಸಾರಜನಕದ ಎರಡರಷ್ಟು: ಸಾರಜನಕ, ರಂಜಕ, ಪೊಟ್ಯಾಷ್ ಹೆಕ್ಟೇರಿಗೆ 25:50:25, ನಮ್ಮ ಭಾಷೆಯಲ್ಲಿ ಎಕರೆಗೆ 10:20:10 ಕೆಜಿ. ಒಂದು ಮೂಟೆ ಡಿಎಪಿಯಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಹೆಚ್ಚುಕಮ್ಮಿ ಎಕರೆಯ ಪಾಲು ಅಲ್ಲಿಗೇ ಮುಗಿಯಿತು. ನನ್ನನ್ನು ಕೇಳಿದರೆ ಅದಕ್ಕಿಂತ ಸೂಪರ್ ಫಾಸ್ಫೇಟ್ ವಾಸಿ. ಅದರಲ್ಲಿ ರಂಜಕ ಶೇ 16 ಮಾತ್ರ, ಮೂಟೆ ಹೆಚ್ಚು ಹೊರಬೇಕು. ಆದರೆ ಜೊತೆಗೆ ಶೇ 11 ಗಂಧಕ ಬರುತ್ತದೆ, ಕಾಳಿನ ಪ್ರೋಟೀನಿಗೆ ಗಂಧಕ ಬೇಕೇ ಬೇಕು. ಅದಕ್ಕೆ ಬಾಟಲಿ ಕಟ್ಟುವುದೂ ಕಮ್ಮಿ. ಯಾವುದಾದರೂ ಸರಿ, ಉಗ್ಗಬಾರದು. ಬಿತ್ತುವಾಗ ಸಾಲಿನಲ್ಲಿ, ಬೀಜದ ಬದಿಗೆ ಒಂದೆರಡು ಬೆರಳು ಕೆಳಗೆ ಬೀಳಬೇಕು. ಮಣ್ಣಿಗೆ ಮುಟ್ಟುವ ಜಾಗ ಕಡಿಮೆಯಾದಷ್ಟೂ ನುಂಗುವುದು ಕಡಿಮೆ. ತಿಪ್ಪೆಗೊಬ್ಬರದ ಜೊತೆ ಬೆರೆಸಿ ಹಾಕಿದರೆ ಇನ್ನೂ ಒಳ್ಳೆಯದು.

"ನಮ್ಮಪ್ಪನ ಕಾಲದಾಗೆ ಇದ್ಯಾವುದ್ ಇತ್ತು? ಕೆರೆಗೋಡು ಹೊಡ್ಸೋರು, ಕುರಿ ಮಂದೆ ಕೂರ್ಸೋರು. ತೊಗರಿ ಅಂಗೇ ಆಗೋದು."

ತೊಗರಿ ಹಾಗೆಯೇ ಆಗುತ್ತಿದ್ದುದಕ್ಕೂ ಕಾರಣವಿದೆ. ಹೈದರಾಬಾದಿನ ಹೊರಗಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ವಿಜ್ಞಾನಿಗಳು 1990ರಲ್ಲಿ ಅದನ್ನು ಹಿಡಿದರು: ತೊಗರಿಯ ಬೇರು ಪಿಸ್ಸಿಡಿಕ್ ಆಮ್ಲ ಎಂಬುದನ್ನು ಸ್ರವಿಸಿ, ಕಬ್ಬಿಣ ತಬ್ಬಿಕೊಂಡ ಫಾಸ್ಫೇಟನ್ನು ಬಿಡಿಸಿ ತಿನ್ನುತ್ತದೆ. ಅದರ ಉಳಿಕೆ ಮುಂದಿನ ಬೆಳೆಗೂ ಸಿಗುತ್ತದೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದ ಹಿರಿಯರಿಗೆ ಆಮ್ಲದ ಹೆಸರು ಗೊತ್ತಿರಲಿಲ್ಲ, ತೊಗರಿ ಕಿತ್ತ ಜಾಗದಲ್ಲಿ ರಾಗಿ ಚೆನ್ನಾಗಿ ಬರುತ್ತದೆ ಅನ್ನುವುದು ಗೊತ್ತಿತ್ತು.

ಕೆರೆಗೋಡಿನ ಮಾತು ಎದ್ದದ್ದೇ ತಡ, ವರ್ತೂರು ಕೆರೆ ಬಂತು. ಬರದೆ ಇರುತ್ತದೆಯೇ? 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಉಕ್ಕಿ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಂಡದ್ದು ಈ ಕಡೆಯವರಿಗೆಲ್ಲ ನೆನಪಿದೆ. ಅದೇ ವರ್ಷ ಬೆಳ್ಳಂದೂರು ಕೆರೆ ಹೊತ್ತಿಯೂ ಉರಿಯಿತು. ಬಟ್ಟೆ ಸೋಪಿನ ಪುಡಿಯಿಂದಲೂ ನಮ್ಮೆಲ್ಲರ ಪಾಯಿಖಾನೆಯಿಂದಲೂ ಹೋದ ಫಾಸ್ಫೇಟು ಆ ನೀರಲ್ಲಿ ಧಾರಾಳ. ಅದನ್ನು ತಿಂದೇ ಅಲ್ಲಿ ಅಂತರಗಂಗೆ ಹಾಸಿಗೆ ಹಾಸಿದ್ದು. ಮೊರೊಕ್ಕೊ, ಜೋರ್ಡಾನಿನಿಂದ ಬಂಡೆಯಾಗಿ ಹಡಗು ಹತ್ತಿ ಬಂದ ರಂಜಕ ಗೊಬ್ಬರವಾಗಿ ಹೊಲಕ್ಕೆ ಹೋಗಿ, ಬೇಳೆಯಾಗಿ ಐಟಿಯವರ ತಟ್ಟೆಗೆ ಬಂದು, ಕೊನೆಗೆ ಚರಂಡಿ ಹಿಡಿದು ವರ್ತೂರಿಗೆ ಸೇರುತ್ತದೆ. ಕೆಲವೇ ಮೈಲಿ ಈಚೆ ಯಜಮಾನರು ಅದೇ ರಂಜಕಕ್ಕಾಗಿ ಅಂಗಡಿಯ ಮುಂದೆ ಬಾಟಲಿ ಹಿಡಿದು ನಿಲ್ಲುತ್ತಾರೆ. 2018ರಿಂದ ನಗರದ ಕೊಳಚೆಯನ್ನು ಸಂಸ್ಕರಿಸಿದ ಕೆ.ಸಿ. ವ್ಯಾಲಿಯ ನೀರು ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆ ನೀರಿನ ಬಗ್ಗೆ ಜಗಳ ನೂರಿದೆ, ಅದರೊಳಕ್ಕೆ ಇಳಿದರೆ ಈ ಹರಟೆ ಮುಗಿಯುವುದಿಲ್ಲ.

"ಅಂಗಾರೆ ಫಾಸ್ಪೇಟ್ ಕಮ್ಮಿಯಾಗೇ ಹೂ ಬಿಟ್ಟಿಲ್ಲ ಅಂತೀರಾ?"

ನೋಡೇಬಿಡೋಣ ಅಂದೆ. ಯಜಮಾನರು ತಂತಿಯ ಪಕ್ಕದ ಸಾಲಿನಿಂದ ಒಂದು ಗಿಡವನ್ನು ಸುತ್ತ ಮಣ್ಣು ಸಡಿಲಿಸಿ, ಬೇರು ಹರಿಯದಂತೆ ಎತ್ತಿದರು. ನಾವು ಹುಡುಗರಾಗಿದ್ದಾಗ ರೋಗ ಅಂತ ತಿಳಿದು ಕಿತ್ತೆಸೆಯುತ್ತಿದ್ದ ಗಂಟುಗಳು ಬೇರಿನ ಉದ್ದಕ್ಕೂ ಇದ್ದವು. ಮಣ್ಣು ಒರೆಸಿ, ಒಂದು ದಪ್ಪ ಗಂಟನ್ನು ಉಗುರಿನಲ್ಲಿ ಸೀಳಿದರು. ಒಳಗೆ ಗುಲಾಬಿ. ಇನ್ನೊಂದು ಸೀಳಿದರು, ಅದೂ ಗುಲಾಬಿ. ಬೆರಳ ತುದಿಗೆ ತೆಳ್ಳಗೆ ಕೆಂಪು ಹತ್ತಿತು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯೊಂದು ಅಲ್ಲಿರುತ್ತದೆ. ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ. ಬೆಳ್ಳಗೋ ಹಸಿರಾಗೋ ಇದ್ದರೆ ಸೋಮಾರಿ. ರಂಜಕ ಸಾಲದ ಗಿಡದಲ್ಲಿ ಇಷ್ಟು ಗಂಟೂ ಇರುವುದಿಲ್ಲ, ಎಲೆ ಇಷ್ಟು ಅಗಲವೂ ಆಗುವುದಿಲ್ಲ. ಮಂಕು ಹಸಿರಿನಲ್ಲಿ ಕುಳ್ಳಗೆ ಕೂತಿರುತ್ತದೆ. ಇದೋ, ಮದುವೆಗೆ ಹೊರಟ ಹಾಗಿತ್ತು.

ಡಿಎಪಿ ಕೆಲಸ ಮಾಡಿದೆ ಎಂದಾಯಿತು. ಹಾಗಾದರೆ ಇನ್ನೊಂದು ಮೂಟೆಯ ಮಾತೇ ಇಲ್ಲ. ನಿಂತ ಬೆಳೆಯ ಬುಡಕ್ಕೆ ಈಗ ಉಗ್ಗಿದರೆ ಮಣ್ಣಿಗೆ ಊಟ, ಗಿಡಕ್ಕೆ ಉಪವಾಸ. ಈ ಹೊತ್ತಿನಲ್ಲಿ ರಂಜಕ ಕೊಡಲೇಬೇಕೆಂದರೆ ಎಲೆಯ ದಾರಿಯೊಂದೇ. ತಮಿಳುನಾಡಿನವರು ಉದ್ದು, ಹೆಸರಿಗೆ ಡಿಎಪಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ತಿಳಿ ಬಸಿದು, ಲೀಟರಿಗೆ 20 ಗ್ರಾಮಿನ ಲೆಕ್ಕದಲ್ಲಿ ಹೂ ಬಿಡುವಾಗ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯದವರ 'ಪಲ್ಸ್ ಮ್ಯಾಜಿಕ್' ಕಲಬುರಗಿ ತೊಗರಿಯವರಿಗೆ ಮನೆಮಾತು. ಪುಡಿಯಲ್ಲಿ ರಂಜಕವೇ ಶೇ 40, ಜೊತೆಗೆ ಸಾರಜನಕ, ಸೂಕ್ಷ್ಮ ಪೋಷಕಾಂಶ, ಚೂರು ಹಾರ್ಮೋನು. ಎಕರೆಗೆ ಎರಡು ಕೆಜಿ, ಹೂವಿನ ಹೊತ್ತಿಗೆ. ಬಾಟಲಿಯ ಕೆಲಸವನ್ನೂ ಮೂಟೆಯ ಕೆಲಸವನ್ನೂ ಒಂದೇ ಪೊಟ್ಟಣಕ್ಕೆ ಕಟ್ಟಿದ್ದಾರೆ. ಈ ಎರಡು ಒಟ್ಟಿಗಿದ್ದರೆ ಕಾಳಿಗೆ ಲಾಭ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಇವೆಲ್ಲ ಬಿಟ್ಟ ಹೂವನ್ನು ಉಳಿಸಲು, ಕಾಯಿ ತುಂಬಿಸಲು. ಹೂವೇ ಬಿಡದ ಸಾಲಿಗೆ ಏನು ಹೊಡೆಯುವುದು?

ಅಷ್ಟು ಹೊತ್ತು ಬದುವಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಯಜಮಾನರ ಹೆಂಡತಿ ತಲೆಯೆತ್ತಿದರು.

"ಅಣ್ಣೋ, ನಿಮ್ ಲೈಟು ಅದುನ್ನ ರಾತ್ರಿ ಮಲಗಕ್ಕೇ ಬುಡಲ್ವಲ್ಲ. ಇನ್ನೆಲ್ಲಿ ಹೂ ಬುಟ್ಟಾತು?"

ಇಬ್ಬರೂ ಮೇಲೆ ನೋಡಿದೆವು. ಹಿಂದಿನ ಬೇಸಿಗೆಯಲ್ಲಿ ಅಸೋಸಿಯೇಷನ್ನಿನವರು ಹಾಕಿಸಿದ ಎಲ್ಇಡಿ ಕಂಬ. ಅರ್ಧ ಬೆಳಕು ನಮ್ಮ ರಸ್ತೆಗೆ, ಅರ್ಧ ಅವರ ಹೊಲಕ್ಕೆ. ಯಜಮಾನರು ಸಾಲಿನೊಳಗೆ ನಡೆದು ಹೋಗಿ ಮೊದಲ ಹೂಕಡ್ಡಿ ಸಿಕ್ಕ ಜಾಗದಲ್ಲಿ ನಿಂತರು. ಕಂಬದ ಎದುರಿಗೆ ಹೂವು ಬಹಳ ದೂರ, ಎಡಬಲಕ್ಕೆ ಸರಿದಷ್ಟೂ ಹತ್ತಿರ. ಬೆಳಕು ಬೀಳುವ ಆಕಾರದಲ್ಲೇ ಹೂವಿಲ್ಲದ ಆಕಾರ.

ಸೊಗಡಿನ ನಾಟಿ ಅವರೆ ಹಗಲು ಕುಗ್ಗಿ ರಾತ್ರಿ ಉದ್ದವಾದರೆ ಮಾತ್ರ ಹೂ ಕಟ್ಟುವ ಜಾತಿ. ಆಷಾಢ ಶ್ರಾವಣದಲ್ಲಿ ಬಿತ್ತಿದರೂ ಚಳಿ ಹುಟ್ಟುವವರೆಗೆ ಸುಮ್ಮನೆ ಬಳ್ಳಿ ಬೆಳೆಸಿಕೊಂಡಿರುವುದು ಅದಕ್ಕೇ. ಸಂಕ್ರಾಂತಿಗೆ ಸರಿಯಾಗಿ ಕಾಯಿ ಬರುವುದೂ ಅದಕ್ಕೇ. ರಾತ್ರಿಯಿಡೀ ಬೆಳಕು ಬಿದ್ದರೆ ಗಿಡದ ಪಾಲಿಗೆ ಇನ್ನೂ ಆಷಾಢವೇ. ಜಿಕೆವಿಕೆಯವರ ಹೆಬ್ಬಾಳ ಅವರೆ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಈ ಹಂಗಿಲ್ಲ, ವರ್ಷದ ಯಾವ ತಿಂಗಳು ಬಿತ್ತಿದರೂ ಹೂ ಬಿಡುತ್ತವೆ. ಬೇಸಿಗೆಯಲ್ಲೂ ಅವರೆಕಾಯಿ ಸಿಗುವುದು ಅವುಗಳ ದಯೆಯಿಂದ. ಹಾಗಾದರೆ ಮುಂದಿನ ವರ್ಷ ತಂತಿಯ ಪಕ್ಕದ ಸಾಲಿಗೆ ಅದನ್ನೇ ಹಾಕಿ ಅಂದೆ.

"ಸೊಗಡು?" ಅಂದರು ಇಬ್ಬರೂ ಒಟ್ಟಿಗೆ.

ಅದಕ್ಕೆ ಉತ್ತರವಿಲ್ಲ. ಇಬ್ಬನಿ ಬಿದ್ದ ಕಾಯಿಯ ಮೇಲಿನ ಆ ಜಿಡ್ಡು, ಬಿಡಿಸಿದ ಮೇಲೂ ಬೆರಳಿನಲ್ಲಿ ಉಳಿಯುವ ವಾಸನೆ, ಹಿದುಕಿದ ಬೇಳೆಯ ಸಾರು: ನಾಟಿ ಅವರೆಗೆ ಹೊಸಕೋಟೆ ಸಂತೆಯಲ್ಲೂ ಸಜ್ಜನ್ ರಾವ್ ಸರ್ಕಲ್ಲಿನಲ್ಲೂ ಜನ ಮೂಸಿ ನೋಡಿಯೇ ದುಡ್ಡು ಕೊಡುವುದು.

ಕೊನೆಗೆ ತೀರ್ಮಾನವಾದದ್ದು ಇಷ್ಟು. ಹೂ ಬಿಟ್ಟ ಮೇಲ್ಗಡೆ ಸಾಲುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ರಸ ಹೊಡೆಯುವುದು, ಬಿಸಿಲೇರುವ ಮೊದಲು, ಬಾಟಲಿಯ ಅಳತೆ ಮೀರದೆ. ಕಾಯಿ ಕಿತ್ತಾಗ ಬೇರೆ ಬೇರೆ ತೂಕ ಹಾಕುವುದು. ಮುಂದಿನ ಮುಂಗಾರಿನೊಳಗೆ ಮಣ್ಣು ಪರೀಕ್ಷೆ ಮಾಡಿಸುವುದು. ವರ್ಷಾವರ್ಷ ಡಿಎಪಿ ಬಿದ್ದ ಹೊಲದಲ್ಲಿ ರಂಜಕ ಸಾಕಷ್ಟು ಕೂಡಿಕೊಂಡಿರಬಹುದು, ಅದು ಅತಿಯಾದರೆ ಸತುವಿಗೆ ಅಡ್ಡ ಬರುತ್ತದೆ; ಮೂಟೆಯ ಖರ್ಚೂ ತಗ್ಗೀತು. ಮತ್ತು ಕಂಬದ ವಿಷಯ ನಾನು ಅಸೋಸಿಯೇಷನ್ನಿಗೆ ಹೇಳುವುದು.

ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ: ಸಂಕ್ರಾಂತಿಯವರೆಗೆ ಹಿಂದಿನ ಒಂದು ಲೈಟನ್ನು ಆರಿಸಬಹುದೇ, ಪಕ್ಕದ ಹೊಲದ ಅವರೆ ಹೂ ಬಿಡುತ್ತಿಲ್ಲ. ಒಬ್ಬರು ನಗುವ ಮುಖ ಹಾಕಿದರು. ಇನ್ನೊಬ್ಬರು ಸೇಫ್ಟಿ, ಸಿಸಿಟಿವಿ ಎಂದು ಎರಡು ಪ್ಯಾರಾ ಬರೆದರು. ಮಹಡಿಯ ಮೇಲೆ ಗ್ರೋ ಬ್ಯಾಗಿನಲ್ಲಿ ಅವರೆ ಹಾಕಿಕೊಂಡು, ಎಲೆ ಮಾತ್ರ ಬರುತ್ತಿದೆ ಎಂದು ಆನ್‌ಲೈನಿನಲ್ಲಿ ಎರಡು ಥರದ ಕಡಲಕಳೆ ರಸ ತರಿಸಿದ್ದ ಮೂರನೇ ಕ್ರಾಸಿನ ಹುಡುಗಿ ತನ್ನ ಮನೆಯ ಮುಂದಿನ ಕಂಬವನ್ನೂ ಪಟ್ಟಿಗೆ ಸೇರಿಸಿ ಎಂದಳು. ರಾತ್ರಿ ಹತ್ತಕ್ಕೆ ಸೆಕ್ರೆಟರಿಯವರ ಫೋನು ಬಂತು.

"ಒಂದು ಕಂಬ ತಾನೇ, ಬೆಳಕು ಆ ಕಡೆಗೆ ಹೋಗದೆ ನಮ್ಮ ರಸ್ತೆಗೇ ಬೀಳೋ ಹಾಗೆ ತಗಡು ಹೊಡೆಸಬಹುದು ಸಾರ್, ಎಲೆಕ್ಟ್ರಿಷಿಯನ್‌ಗೆ ಹೇಳ್ತೀನಿ. ಪೀಣ್ಯದಲ್ಲಿದ್ದವರು ನೀವು, ತಗಡು ನೀವೇ ಕತ್ತರಿಸಿಕೊಡಿ. ಅದಿರಲಿ, ಅವರೆಕಾಯಿ ಅವರು ಕೆಜಿಗೆ ಹೇಗೆ ಕೊಡ್ತಾರಂತೆ?"